ಕುಣಿಯತಕ್ಕವರು ಯಾರು?

ನೃತ್ಯದಿಂದಲೂ ಅಂಗಚಲನೆಯಿಂದಲೂ ಮನಸ್ಸಿನ ವ್ಯಾಧಿಗೆ ಚಿಕಿತ್ಸೆ ಮಾಡುವ ಕ್ರಮವೊಂದುಂಟೆಂದು ಹೇಳಿದೊಡನೆ, ಉಡುಪಿಯ ವಿದ್ಯಾವಂತರಲ್ಲಿ ಒಬ್ಬರಾದರೂ ಎದ್ದು, “ಇದರಲ್ಲಿ ಹೊಸತೇನು? ನಮ್ಮಲ್ಲಿ ನಾಗಮಂಡಲವಿಲ್ಲವೆ, ಭೂತಕೋಲವಿಲ್ಲವೆ, ಆಟಿ ಕಳೆಂಜನಿಲ್ಲವೆ?” ಎಂದು ಕೇಳುವುದುಂಟು. ಸಭೆಯು ಚಪ್ಪಾಳೆ ತಟ್ಟುತ್ತದೆ. ವಿಚಾರವು ಅಲ್ಲಿಗೇ ಮುಗಿಯುತ್ತದೆ.

ಮುಗಿಯತಕ್ಕದ್ದಲ್ಲ. ನಾಗಮಂಡಲದಲ್ಲಿ ಕುಣಿಯುವವರು ಯಾರು? ಪಂಚವರ್ಣದ ಮಂಡಲವನ್ನು ಸುತ್ತುತ್ತ ಡಕ್ಕೆಯ ನಾದಕ್ಕೆ ಹೆಜ್ಜೆಯಿಡುವವರು ವೈದ್ಯರು. ಹಿಂಗಾರವನ್ನು ಮುಖಕ್ಕೊತ್ತಿಕೊಂಡು ಆವೇಶಗೊಳ್ಳುವವನು ನಾಗಪಾತ್ರಿ. ಹರಕೆ ಹೊತ್ತ ಮನೆಯವರು ಕೈಮುಗಿದು ಕುಳಿತಿರುತ್ತಾರೆ. ಆಟಿಯ ಮಳೆಯಲ್ಲಿ ಓಲೆಯ ಕೊಡೆ ಹಿಡಿದು ಅಂಗಳಕ್ಕೆ ಬರುವ ಕಳೆಂಜನು ನಲಿಕೆಯವರಲ್ಲೊಬ್ಬನು. ಮನೆಯ ಮಾರಿಯನ್ನು ಅವನು ಕುಣಿದು ಕಳೆಯಬೇಕು. ಅದಕ್ಕೆ ಪ್ರತಿಫಲ ಒಂದಿಷ್ಟು ಅಕ್ಕಿ, ಒಂದು ತೆಂಗಿನಕಾಯಿ. ಜಗಲಿಯ ಮೇಲೆ ನಿಂತವರ ಕಾಲು ಅಲುಗುವುದಿಲ್ಲ. ಕಾಪುವಿನ ಪಿಲಿಕೋಲದಲ್ಲಿ ಮಾತ್ರ ನೋಡಬಂದವರೂ ಕಾಲಿಗೆ ಬುದ್ಧಿ ಹೇಳುತ್ತಾರೆ, ಅದಾದರೋ ಭಯದಿಂದ! ಹುಲಿವೇಷದ ಹರಕೆಯನ್ನು ಅಪವಾದವೆನ್ನಬಹುದಾದರೂ ಅಲ್ಲಿಯೂ ಕುಣಿತವು ರೋಗ ವಾಸಿಯಾದ ಬಳಿಕ ಸಲ್ಲುವ ಕಾಣಿಕೆಯೇ ಹೊರತು ಔಷಧವಲ್ಲ.

ದೈವದ ನುಡಿಯಿಂದ ನೊಂದ ಸಂಸಾರಕ್ಕೆ ಸಮಾಧಾನವುಂಟಾಗುವುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಲ್ಲೆಲ್ಲ ಒಬ್ಬನ ದುಃಖಕ್ಕೆ ಮತ್ತೊಬ್ಬನು ಮೈ ದಣಿಸುತ್ತಾನೆ. ಹೊಸ ಚಿಕಿತ್ಸೆಯ ಜೀವಾಳವು ಇದಕ್ಕೆ ಕೇವಲ ವಿಪರೀತವಾದುದು. ಅಲ್ಲಿ ಕುಣಿಯತಕ್ಕವನು ರೋಗಿಯೇ.

ಮೇರಿಯನ್ ಚೇಸ್ ಎಂಬ ನರ್ತಕಿಯು 1942ರಲ್ಲಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯಲ್ಲಿ ಈ ಕೆಲಸಕ್ಕೆ ತೊಡಗಿದಳು. ಆಕೆಯ ಮುಂದಿದ್ದವರಲ್ಲಿ ಮಾತನ್ನೇ ಬಿಟ್ಟವರೂ ಇದ್ದರು. ಆಕೆ ಅವರಿಗೆ ಹೆಜ್ಜೆ ಕಲಿಸಹೋಗಲಿಲ್ಲ. ರೋಗಿಯು ಮೈ ತೂಗಿದರೆ ತಾನೂ ತೂಗಿ, ಮುಷ್ಟಿ ಬಿಗಿದರೆ ತಾನೂ ಬಿಗಿದು, ಅವನ ಚಲನೆಯನ್ನೇ ಅವನಿಗೆ ಉತ್ತರವಾಗಿ ಕೊಟ್ಟಳು. ತನ್ನನ್ನು ಒಬ್ಬರು ಕಂಡರೆಂಬ ಅರಿವು ಮಾತಿಗಿಂತ ಮೊದಲು ಮೈಗೆ ಆಗುತ್ತದೆ. ಇಲ್ಲಿ ತಾಳ ತಪ್ಪುವುದೆಂಬುದಿಲ್ಲ, ಪ್ರೇಕ್ಷಕರಿಲ್ಲ, ಬಹುಮಾನವಿಲ್ಲ.

ಇದು ವಿದ್ಯಾವಂತರ ಮನೆಗಳಿಗೆ ರುಚಿಸದಿರುವುದು ಸಹಜವೇ. ಮಗಳಿಗೆ ಎಳೆವೆಯಲ್ಲೇ ಗೆಜ್ಜೆ ಕಟ್ಟಿಸಿ, ರಂಗಪ್ರವೇಶಕ್ಕೆ ಸಾಲ ಮಾಡಿಯಾದರೂ ವೆಚ್ಚ ಮಾಡುವರು. ಅವಳೇ ಬಾಣಂತಿತನದ ಬಳಿಕ ಮೂಲೆ ಹಿಡಿದು, ಉಣ್ಣದೆ, ನುಡಿಯದೆ ಕುಳಿತರೆ, “ಎಷ್ಟು ಸಾಧು ಸ್ವಭಾವ!” ಎಂದು ಹೊಗಳುವರು; ಹೊಗಳಿ ಸಾಕಾದ ಮೇಲೆ ಜೋಯಿಸರಲ್ಲಿಗೆ ಹೋಗುವರು. ಕಾರ್ಕಳದ ಗೊಮ್ಮಟನು 1432ರಿಂದ ನಿಶ್ಚಲನಾಗಿ ನಿಂತಿರುವನು. ಅದು ತಾನೇ ಬಯಸಿ ಕೈಕೊಂಡ ತಪಸ್ಸು. ಆ ಹೆಣ್ಣುಮಗಳ ನಿಶ್ಚಲತೆಯನ್ನು ಯಾರು ಬಯಸಿದರು? ಈ ಎರಡರ ಭೇದವನ್ನರಿಯದ ಸಂಸ್ಕೃತಿಯು ಎಷ್ಟು ಅರಂಗೇಟ್ರಂಗಳನ್ನು ನಡೆಸಿದರೇನು?

ಇನ್ನು ನೃತ್ಯವೊಂದಿದ್ದರೆ ಮಾತ್ರೆಯೇ ಬೇಡವೆಂದು ಸಾರುವವರೂ ಹೊರಟಿದ್ದಾರೆ. ಅವರನ್ನೂ ನಂಬಲಾಗದು. ವಿಷಣ್ಣತೆಯ ರೋಗಕ್ಕೆ ಈ ಚಿಕಿತ್ಸೆ ಎಷ್ಟು ಫಲಕಾರಿಯೆಂದು 2015ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಶೋಧಕರು ವಿಚಾರಿಸಿದಾಗ ದೊರೆತುದು ಮೂರೇ ಪ್ರಯೋಗಗಳು, ಒಟ್ಟು 147 ಜನರು. ಹೌದೆನ್ನಲೂ ಅಲ್ಲವೆನ್ನಲೂ ಅಷ್ಟು ಸಾಲದೆಂದು ಅವರು ಬರೆದರು. ಹೀಗಿರುವಾಗ ಇದು ವೈದ್ಯನ ಬದಲಿಗೆ ಅಲ್ಲ, ವೈದ್ಯನ ಜತೆಗೆ ನಡೆಯತಕ್ಕ ಕೆಲಸ. ಭಾರತದ ಸಂಸತ್ತು ಸಹವೈದ್ಯಕೀಯ ವೃತ್ತಿಗಳನ್ನು ಕುರಿತು 2021ರಲ್ಲಿ ಮಾಡಿದ ಕಾಯಿದೆಯ ಪಟ್ಟಿಯಲ್ಲಿ ನೃತ್ಯಚಿಕಿತ್ಸಕರಿಗೂ ಸ್ಥಾನವುಂಟು. ಭರತನಾಟ್ಯದ ಪ್ರಮಾಣಪತ್ರವೊಂದರಿಂದ ಯಾರೂ ಚಿಕಿತ್ಸಕರಾಗಲಾರರು. ಯಕ್ಷಗಾನದ ಗೆಜ್ಜೆಯಿಂದಲೂ ಆಗಲಾರರು.

ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜುಂಟು. ಉಡುಪಿಯಲ್ಲಿ 1971ರಿಂದ ಯಕ್ಷಗಾನ ಕೇಂದ್ರವುಂಟು. ನಡುವಣ ದಾರಿ ಎರಡು ಹರಿದಾರಿಯೂ ಇಲ್ಲ. ಮನೋವೈದ್ಯನೂ ಚಲನೆಯನ್ನು ಬಲ್ಲವನೂ ಒಂದೇ ಕೊಠಡಿಯಲ್ಲಿ ಕುಳಿತು, ಯಾವ ರೋಗಿಗೆ ಇದು ಹಿತ, ಯಾರಿಗೆ ಅಹಿತ ಎಂದು ಬರೆದಿಡಲು ಇದಕ್ಕಿಂತ ಅನುಕೂಲವಾದ ಸ್ಥಳ ಇನ್ನಾವುದು? ಆ ಕೊಠಡಿಗೆ ವೇದಿಕೆ ಬೇಡ, ದೀಪ ಬೆಳಗಿಸುವ ಮುಖ್ಯ ಅತಿಥಿಗಳೂ ಬೇಡ. ಬಾಗಿಲು ಹಾಕಿಕೊಳ್ಳುವ ಹಾಗಿರಬೇಕು. ಒಳಗೆ ಬಂದವಳು ಮೊದಲ ದಿನ ಕಿರುಬೆರಳನ್ನಷ್ಟೇ ಅಲುಗಿಸಿದರೂ ಅದನ್ನು ಕಂಡು, ತನ್ನ ಬೆರಳಿನಿಂದ ಉತ್ತರ ಕೊಡಬಲ್ಲವರು ಒಬ್ಬರು ಎದುರಿಗಿರಬೇಕು.