ಅಡ್ವಾನ್ಸ್ ಹಣಕ್ಕೂ ಬೇಕು ಲೆಕ್ಕ

ನನ್ನೂರು ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರ. ಮೈಸೂರಿನಲ್ಲಿ ಬಿ.ಇ. ಓದುತ್ತಿದ್ದೇನೆ. ಲ್ಯಾಬ್ ಮುಗಿಸಿ ದಿನವೂ ಊರಿಗೆ ಬಸ್ಸಿನಲ್ಲಿ ಓಡಾಡುವುದು ಕಷ್ಟವೆಂದು ಎರಡನೇ ವರ್ಷದಲ್ಲಿ ಮೂವರು ಗೆಳೆಯರು ಸೇರಿ ಪುಟ್ಟ ಮನೆಯೊಂದನ್ನು ಬಾಡಿಗೆಗೆ ಹಿಡಿದೆವು. ಒಬ್ಬ ಹುಣಸೂರು ಕಡೆಯವನು, ಇನ್ನೊಬ್ಬ ಪಿರಿಯಾಪಟ್ಟಣದವನು. ಬಾಡಿಗೆ ತಿಂಗಳಿಗೆ 8,000 ರೂಪಾಯಿ, ಅಡ್ವಾನ್ಸ್ 48,000. ತಲೆಗೆ 16,000. ಅವರಿಬ್ಬರದು ಹೊಗೆಸೊಪ್ಪಿನ ದುಡ್ಡು, ನನ್ನದು ಅಪ್ಪ ಹತ್ತಿ ಮಾರಿ ತಂದ ದುಡ್ಡು.

ಹನ್ನೊಂದು ತಿಂಗಳ ನಂತರ ಮನೆ ಖಾಲಿ ಮಾಡಿದೆವು. ಕೈಗೆ ಬಂದದ್ದು 35,200 ರೂಪಾಯಿ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ 8,000, ಕ್ಲೀನಿಂಗ್‌ಗೆ 2,500, ನಲ್ಲಿ ಮತ್ತು ಸ್ವಿಚ್‌ಗೆ 1,600, ಕಿಟಕಿ ಗಾಜಿಗೆ 700 ಎಂದು ಓನರ್ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಬಿಲ್ ಒಂದಕ್ಕೂ ಇರಲಿಲ್ಲ. ‘ಅಂಕಲ್, ಹೋಗುವಾಗ ಎಲ್ಲ ಗುಡಿಸಿ ಒರೆಸಿದ್ದೀವಲ್ಲ’ ಎಂದರೆ, ‘ಎಲ್ಲ ಮನೇಲೂ ಹೀಗೇ ಕಣ್ರಪ್ಪ, ಅಗ್ರಿಮೆಂಟ್ ಓದ್ಕೊಳ್ಳಿ’ ಎಂದರು. ಓದಿದೆವು. ಇಂಗ್ಲಿಷಿನಲ್ಲಿದ್ದ ಎರಡು ಪುಟಗಳ ಕೊನೆಯಲ್ಲಿ, ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯಲಾಗುವುದು ಎಂಬ ಸಾಲು ಇತ್ತು. ಅದರ ಕೆಳಗೆ ನಮ್ಮ ಮೂವರ ಸಹಿಯೂ ಇತ್ತು. ಅಪ್ಪನಿಗೆ ಹೇಳಿದರೆ ‘ಹೋಗ್ಲಿ ಬುಡು ಮಗ’ ಎಂದರು. ನಾನೂ ಬಿಟ್ಟುಬಿಡುತ್ತಿದ್ದೆ. ಆದರೆ ಒಂದು ತಿಂಗಳ ನಂತರ ನಮ್ಮ ಕಾಲೇಜಿನ ಜೂನಿಯರ್ ಒಬ್ಬ ಅದೇ ಮನೆಗೆ ಬಂದ. ಪುಸ್ತಕ ಕೊಡಲು ಹೋದಾಗ ನಾನು ಓದಲು ಕೂರುತ್ತಿದ್ದ ಮೂಲೆ ನೋಡಿದೆ. ಪರೀಕ್ಷೆಯ ಹಿಂದಿನ ರಾತ್ರಿ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿದ್ದ ಸೂತ್ರ ಹಾಗೇ ಇತ್ತು. ಎಂಟು ಸಾವಿರದ ಪೇಂಟ್ ಆ ಗೋಡೆಗೆ ಬಿದ್ದೇ ಇರಲಿಲ್ಲ.

ಗೋಡೆಯ ಮೇಲೆ ಬರೆದದ್ದು ನನ್ನದೇ ತಪ್ಪು. ಕಿಟಕಿ ಗಾಜು ಒಡೆದದ್ದೂ ನಾವೇ. ಆ 700 ರೂಪಾಯಿ ಬಗ್ಗೆ ನಮಗೆ ತಕರಾರಿಲ್ಲ. ಮಾಲೀಕರ ಕಷ್ಟವೂ ಸುಳ್ಳಲ್ಲ. ಬಾಡಿಗೆಯನ್ನೇ ನಂಬಿಕೊಂಡ ನಿವೃತ್ತರಿದ್ದಾರೆ. ಕರೆಂಟ್ ಬಿಲ್ ಬಾಕಿ ಇಟ್ಟು ರಾತ್ರೋರಾತ್ರಿ ಜಾಗ ಖಾಲಿ ಮಾಡುವ ಹುಡುಗರೂ ಇದ್ದಾರೆ. ಅಡ್ವಾನ್ಸ್ ಇರುವುದೇ ಅದಕ್ಕೆ. ನನ್ನ ಪ್ರಶ್ನೆ ಇಷ್ಟೇ: ಆಗಿರುವ ಹಾನಿಗೆ ಹಣ ಹಿಡಿಯುವುದು ಬೇರೆ, ಹಾನಿ ಆಗಲಿ ಬಿಡಲಿ ಹಿಡಿಯುವುದು ಬೇರೆ ಅಲ್ಲವೇ?

ಕಾನೂನು ಈ ವ್ಯತ್ಯಾಸವನ್ನು ಎಂದೋ ಗುರುತಿಸಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸಬೇಕು. ಆದರೆ ಸಹಜ ಬಳಕೆಯಿಂದ ಆಗುವ ಸವೆತಕ್ಕೆ ಅವನು ಹೊಣೆಯಲ್ಲ. ಬಣ್ಣ ಮಾಸುವುದು, ನಲ್ಲಿ ಸವೆಯುವುದು ಈ ಲೆಕ್ಕಕ್ಕೆ ಬರುತ್ತವೆ. ಆದರೆ ಇಲ್ಲೊಂದು ತೊಡಕಿದೆ. ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿದ್ದರೆ ಆ ಕರಾರೇ ಮುಂದಾಗುತ್ತದೆ. ಅಂದರೆ ನಾವು ಓದದೆ ಸಹಿ ಹಾಕಿದ ಆ ಒಂದು ಸಾಲು, ಕಾನೂನು ಕೊಟ್ಟಿದ್ದ ರಕ್ಷಣೆಯನ್ನು ನಮ್ಮ ಕೈಯಿಂದಲೇ ವಾಪಸ್ ಕೊಡಿಸಿತ್ತು.

ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆಯಲ್ಲ ಎನ್ನಬಹುದು. ಅದು ರೂಪುಗೊಂಡಾಗ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿತ್ತು. ಇವತ್ತು ಅಷ್ಟಕ್ಕೆ ನಗರದಲ್ಲಿ ಒಂದು ರೂಮು ಸಿಗುವುದೂ ಕಷ್ಟ. ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದರ ಪ್ರಕಾರ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ. ಮನೆ ಒಪ್ಪಿಸಿದ ದಿನವೇ, ಬಾಕಿ ಏನಾದರೂ ಇದ್ದರೆ ಕಳೆದು, ಉಳಿದದ್ದನ್ನು ಕೊಡಬೇಕು. ಯಾರ ಖರ್ಚು ಯಾವುದು ಎಂಬ ಪಟ್ಟಿಯೂ ಅದರಲ್ಲಿದೆ. ಗೋಡೆಗೆ ಸುಣ್ಣ ಬಳಿಯುವುದು, ಬಾಗಿಲು-ಕಿಟಕಿಗೆ ಬಣ್ಣ ಹೊಡೆಸುವುದು, ಪೈಪು ಬದಲಿಸುವುದು, ವೈರಿಂಗ್ ಮಾಲೀಕರದ್ದು. ನಲ್ಲಿ, ಸ್ವಿಚ್, ಗಾಜು, ಚರಂಡಿ ಸ್ವಚ್ಛತೆ ಬಾಡಿಗೆದಾರರದ್ದು. ಆ ಪಟ್ಟಿಯಂತೆ ನೋಡಿದರೆ ನಾವು ನಲ್ಲಿ, ಸ್ವಿಚ್, ಗಾಜಿನ 2,300 ರೂಪಾಯಿ ಕೊಡಬೇಕಿತ್ತು, ಪೇಂಟಿಂಗ್‌ನ 8,000 ಅಲ್ಲ. ಆದರೆ ಇದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಕಾನೂನು ಮಾಡಿಕೊಂಡರಷ್ಟೇ ಜಾರಿಗೆ ಬರುತ್ತದೆ. ನಮ್ಮ ರಾಜ್ಯ ಇನ್ನೂ ಆ ಹೆಜ್ಜೆ ಇಟ್ಟಿಲ್ಲ.

ಇದು ವಿದ್ಯಾರ್ಥಿಗಳ ಸಣ್ಣ ಜಗಳ ಎಂದುಕೊಳ್ಳಬೇಡಿ. ಓದು ಮುಗಿಸಿ ಕೆಲಸಕ್ಕೆ ಬೆಂಗಳೂರಿಗೆ ಹೋಗುವವರೇ ನಮ್ಮಲ್ಲಿ ಹೆಚ್ಚು. ಅಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಹಳೆಯ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಬಾಡಿಗೆ 15,000 ಎಂದರೆ ಅಡ್ವಾನ್ಸ್ ಒಂದೂವರೆ ಲಕ್ಷ. 25,000 ಸಂಬಳದ ಹೊಸಬನಿಗೆ ಅದು ಆರು ತಿಂಗಳ ದುಡಿಮೆ. ಅಷ್ಟು ಹಣ ಒಬ್ಬರ ಕೈಯಲ್ಲೇ ಇದ್ದಾಗ ಎಷ್ಟು ಹಿಡಿಯಬೇಕು ಎಂದು ಅವರೇ ತೀರ್ಮಾನಿಸುತ್ತಾರೆ, ಉಳಿದದ್ದಕ್ಕಾಗಿ ನಾವು ಅಲೆಯುತ್ತೇವೆ. ಇಂಗ್ಲೆಂಡಿನಲ್ಲಿ 2007ರಿಂದ ಬಾಡಿಗೆಯ ಠೇವಣಿಯನ್ನು ಸರ್ಕಾರ ಮಾನ್ಯ ಮಾಡಿದ ವ್ಯವಸ್ಥೆಯೊಂದರಲ್ಲಿ ಭದ್ರಪಡಿಸುವುದು ಕಡ್ಡಾಯ. ತಕರಾರು ಬಂದರೆ ಮೂರನೆಯವರು ಸಾಕ್ಷ್ಯ ನೋಡಿ ತೀರ್ಮಾನಿಸುತ್ತಾರೆ. ನಮ್ಮಲ್ಲೂ ಇಂಥದ್ದು ಯಾಕೆ ಆಗಬಾರದು?

ಅಲ್ಲಿಯವರೆಗೆ ನಮ್ಮ ಕೈಲಿರುವುದನ್ನು ನಾವು ಮಾಡಬೇಕು. ಲ್ಯಾಬ್‌ನಲ್ಲಿ ಮೊದಲ ರೀಡಿಂಗ್ ಬರೆದುಕೊಳ್ಳದಿದ್ದರೆ ಕೊನೆಯ ರೀಡಿಂಗ್‌ಗೆ ಬೆಲೆಯಿಲ್ಲ. ಮನೆಯದ್ದೂ ಅದೇ ಕಥೆ. ಸಾಮಾನು ಇಳಿಸುವ ಮೊದಲೇ ಪ್ರತಿ ಗೋಡೆ, ನಲ್ಲಿ, ಬಚ್ಚಲು, ಸ್ವಿಚ್‌ಬೋರ್ಡ್ ವಿಡಿಯೊ ಮಾಡಿ ಓನರ್‌ಗೆ ವಾಟ್ಸ್‌ಆ್ಯಪ್ ಕಳಿಸಿ. ಅಡ್ವಾನ್ಸನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಡಿ. ಅಗ್ರಿಮೆಂಟ್ ಕನ್ನಡದಲ್ಲಿ ಬೇಕೆಂದು ಕೇಳಿ, ಇಲ್ಲವೇ ಬಲ್ಲವರಿಂದ ಓದಿಸಿ. ಪೇಂಟಿಂಗ್ ಸಾಲು ಇದ್ದರೆ ‘ನಿಜವಾಗಿ ಆದ ಖರ್ಚು, ಬಿಲ್ ಸಮೇತ’ ಎಂದು ಸೇರಿಸಲು ಕೇಳಿ. ಮನೆ ಬೇಕೆಂಬ ಆತುರದಲ್ಲಿ ಕೇಳಲು ಸಂಕೋಚವಾಗುತ್ತದೆ, ನಿಜ. ಆದರೆ ಸಹಿ ಹಾಕುವ ಮೊದಲು ಮಾತ್ರ ನಮ್ಮ ಮಾತಿಗೆ ತೂಕ. ಬಿಡುವಾಗ ಓನರ್ ಜೊತೆಗೇ ಮನೆ ಸುತ್ತಿ ನೋಡಿ, ಮತ್ತೆ ವಿಡಿಯೊ ಮಾಡಿ. ಆಮೇಲೂ ಜಗಳವಾದರೆ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಕಚೇರಿಗೆ ಹೋಗಿ. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಅರ್ಜಿ ಕೊಡಬಹುದು, ಕೋರ್ಟ್ ಶುಲ್ಕವಿಲ್ಲ. ಸಲಹೆಗೆ 15100 ಸಹಾಯವಾಣಿ ಇದೆ.

ನಾವು ಓನರ್ ಹತ್ತಿರ ಮತ್ತೊಮ್ಮೆ ಹೋಗಿ ಗೋಡೆಯ ಫೋಟೊ ತೋರಿಸಿದೆವು. ‘ಮುಂದಿನ ವರ್ಷ ಹೊಡೆಸ್ತೀನಿ’ ಎಂದರು. ದುಡ್ಡು ಬರಲಿಲ್ಲ. ಮೂವರೂ ಸೇರಿ ರಾಜಿ ಅರ್ಜಿ ಕೊಡುವ ಮಾತಾಡಿಕೊಂಡಿದ್ದೇವೆ, ಪರೀಕ್ಷೆ ಮುಗಿಯಲಿ ಎಂದು ಕಾಯುತ್ತಿದ್ದೇವೆ.

ಜೂನಿಯರ್‌ಗೆ ಅಂದೇ ಒಂದು ಮಾತು ಹೇಳಿದ್ದೆ: ‘ಆ ಸೂತ್ರದ ಫೋಟೊ ತೆಗೆದು, ನಾನು ಬರುವ ಮೊದಲೇ ಇದು ಇತ್ತು ಎಂದು ಬರೆದು ಓನರ್‌ಗೆ ಕಳಿಸು.’ ಅವನು ಅಲ್ಲೇ ನಿಂತು ಕಳಿಸಿದ. ಸ್ವಲ್ಪ ಹೊತ್ತಿಗೆ ‘ಓಕೆ’ ಎಂದು ಉತ್ತರ ಬಂತು. ನನ್ನ ಪೆನ್ಸಿಲ್ ಗೆರೆಯ ಲೆಕ್ಕವನ್ನು ಇನ್ನು ಅವನ ಅಡ್ವಾನ್ಸ್‌ಗೆ ಹಾಕುವಂತಿಲ್ಲ.