ಸೈಕಲ್ಲಿಗೊಂದು ದೀಪ

ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಂಪಾದಕರು ಹದಿನೈದು ದಿನಗಳಿಂದ ಬೆನ್ನು ಹತ್ತಿದ್ದಾರೆ. ಕವಿತೆ ನನಗೆ ಬರುವುದಿಲ್ಲ. ಕತೆ ಬರೆಯಲು ಕೂತರೆ ಎರಡನೆಯ ಪುಟಕ್ಕೆ ನಾಯಕ ಊರಿಗೆ ಹೋಗಿಬಿಡುತ್ತಾನೆ, ತಿರುಗಿ ಬರುವುದಿಲ್ಲ. ಹೊರನಾಡಿನಲ್ಲಿ ಕನ್ನಡದ ಭವಿಷ್ಯ ಮುಂತಾದ ಘನವಾದ ವಿಷಯಗಳನ್ನು ನನಗಿಂತ ಬಲ್ಲವರು ಆಗಲೇ ಹಂಚಿಕೊಂಡಿದ್ದಾರೆ. ಉಳಿದದ್ದು ನನ್ನ ಸೈಕಲ್ಲು, ಅದರಲ್ಲೂ ಅದರ ದೀಪ. ನಗಬೇಡಿ ಗೆಳೆಯರೇ. ಈ ದೀಪದ ವಿಷಯದಲ್ಲಿ ನನಗೊಂದು ಖಚಿತವಾದ ಅಭಿಪ್ರಾಯವಿದೆ. ಅದು ನನಗೆ ಪುಕ್ಕಟೆಯಾಗಿ ಬಂದದ್ದಲ್ಲ. ಆದರೆ ಅದರ ಬೆಲೆ ಕೊಟ್ಟವನು ನಾನಲ್ಲ, ಬೇರೊಬ್ಬರು.

ಕಳೆದ ವರ್ಷದ ಡಿಸೆಂಬರ್ ತಿಂಗಳು. ಜೂನ್‌ನಲ್ಲಿ ಏಳೂಕಾಲರ ತನಕ ಇರುವ ಪುಣೆಯ ಸೂರ್ಯ ಆ ತಿಂಗಳಲ್ಲಿ ಆರಕ್ಕೆಲ್ಲ ಮುಳುಗಿರುತ್ತಾನೆ. ನಮ್ಮ ನಾಟಕದ ತಾಲೀಮು ಮುಗಿದಾಗ ಎಂಟು ಗಂಟೆ. ಭಾಂಡಾರ್ಕರ್ ರಸ್ತೆಯಿಂದ ಲಾ ಕಾಲೇಜ್ ರಸ್ತೆಗೆ ತಿರುಗಿ, ನಳ್ ಸ್ಟಾಪ್ ಮೇಲಿಂದ ಕೋಥರೂಡಿನ ಕೋಣೆಗೆ ಹೊರಟಿದ್ದೆ. ಸೈಕಲ್ಲಿಗೆ ದೀಪವಿರಲಿಲ್ಲ. ಬೀದಿದೀಪ ಇವೆಯಲ್ಲ, ಇನ್ನೇಕೆ ಬೇಕು ಎಂಬುದು ಆಗಿನ ನನ್ನ ಸಿದ್ಧಾಂತ. ಲಾ ಕಾಲೇಜ್ ರಸ್ತೆಯ ಮರಗಳನ್ನು ನೀವೆಲ್ಲ ನೋಡಿದ್ದೀರಿ. ಹಗಲು ತಂಪು ಕೊಡುವ ಅದೇ ಮರಗಳು ರಾತ್ರಿ ಬೀದಿದೀಪದ ಬೆಳಕನ್ನು ಮೇಲೆಯೇ ತಡೆದು, ರಸ್ತೆಯ ಅಂಚಿಗೆ ಕರಿಕಂಬಳಿ ಹಾಸಿರುತ್ತವೆ. ಆ ನೆರಳಿನಲ್ಲಿ ನಾನು ಬರುತ್ತಿದ್ದೆ. ಕೈಯಲ್ಲಿ ಹಾಲಿನ ಚೀಲ ಹಿಡಿದ ಒಬ್ಬ ಮುದುಕರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ರಸ್ತೆಗೆ ಇಳಿದರು. ಅವರನ್ನು ನಾನು ನೋಡಿದ್ದೆ. ಅವರು ನನ್ನನ್ನೂ ನೋಡಿದ್ದಾರೆ, ನಿಲ್ಲುತ್ತಾರೆ ಎಂದುಕೊಂಡೆ. ಬ್ರೇಕು ಹಿಡಿಯುವಷ್ಟರಲ್ಲಿ ಹ್ಯಾಂಡಲ್ಲು ಅವರಿಗೆ ಬಡಿದು ಇಬ್ಬರೂ ನೆಲ ಕಂಡಿದ್ದೆವು.

ನನಗೆ ಮೊಣಕಾಲು ತರಚಿತು. ಅವರಿಗೆ ಬಲಗೈ ಮಣಿಕಟ್ಟು ಮುರಿಯಿತು. ರಿಕ್ಷಾದಲ್ಲಿ ಆಸ್ಪತ್ರೆಗೆ ಹೋಗುವಾಗ ನಾನು ಗಾಬರಿಯಲ್ಲಿ ಅರ್ಧ ಮರಾಠಿ ಅರ್ಧ ಕನ್ನಡ ಬಡಬಡಿಸುತ್ತಿದ್ದೆ. ಯಾವ ಊರು ಎಂದು ಕೇಳಿದರು. ಧಾರವಾಡ ಎಂದೆ. ಅಷ್ಟು ನೋವಿನಲ್ಲೂ ಭೀಮಸೇನ ಜೋಶಿಯವರ ಮಾತು ತೆಗೆದರು. ನಾನು, “ಆಜೋಬಾ, ನೀವು ನೋಡಿಯೇ ಇಳಿದಿರಲ್ಲ?” ಎಂದೆ. ತಪ್ಪು ಅವರದೂ ಇರಲಿ ಎಂಬ ಆಸೆ ಆ ಪ್ರಶ್ನೆಯಲ್ಲಿತ್ತು, ಈಗ ಒಪ್ಪಿಕೊಳ್ಳುತ್ತೇನೆ. ಅವರು ಸಿಟ್ಟಾಗಲಿಲ್ಲ. “ತುಲಾ ದಿಸತ್ ಹೋತಂ, ಬಾಳಾ. ತೂ ದಿಸತ್ ನವ್ಹತಾಸ್” ಎಂದರು. ನಿನಗೆ ಕಾಣುತ್ತಿತ್ತಪ್ಪ, ನೀನು ಕಾಣುತ್ತಿರಲಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ಊರೊಳಗೆ ಸೈಕಲ್ಲಿಗೆ ದೀಪ ಬೇಕಾಗಿರುವುದು ನಮಗೆ ರಸ್ತೆ ಕಾಣಲೆಂದು ಅಲ್ಲ, ರಸ್ತೆಗೆ ನಾವು ಕಾಣಲೆಂದು. ಇದು ತಲೆಗೆ ಹೋಗದೆ ಇದ್ದರೆ ಎಂಥ ದೀಪ ಕೊಂಡರೂ ತಪ್ಪನ್ನೇ ಕೊಳ್ಳುತ್ತೇವೆ.

ಸ್ವಲ್ಪ ಲೆಕ್ಕ ಮಾಡೋಣ. ಗಂಟೆಗೆ 18 ಕಿಲೋಮೀಟರ್ ಎಂದರೆ ಸೈಕಲ್ಲಿಗೆ ಸಾಧಾರಣ ವೇಗ. ಅದು ಸೆಕೆಂಡಿಗೆ 5 ಮೀಟರ್. ಕಣ್ಣು ಕಂಡದ್ದು ಕೈಗೆ ತಿಳಿದು ಬ್ರೇಕು ಹಿಡಿಯಲು ಒಂದು ಸೆಕೆಂಡು ಬೇಕು. ಅಂದರೆ ಬ್ರೇಕು ಹಿಡಿಯುವ ಮೊದಲೇ 5 ಮೀಟರ್ ಹೋಗಿರುತ್ತದೆ. ಹಿಂದಿನಿಂದ ಬರುವ ಬಸ್ಸು 36ರ ವೇಗದಲ್ಲಿದ್ದರೆ ಅದೇ ಒಂದು ಸೆಕೆಂಡಿನಲ್ಲಿ 10 ಮೀಟರ್ ದಾಟುತ್ತದೆ, ಆಮೇಲೆ ನಿಲ್ಲಲು ಇನ್ನಷ್ಟು ಜಾಗ ಬೇಕು. ಡ್ರೈವರನಿಗೆ ಎದುರಿನ ಗಾಡಿಗಳ ಬೆಳಕು ಕಣ್ಣಿಗೆ ಹೊಡೆಯುತ್ತಿರುವಾಗ, ಕರಿ ಜರ್ಕಿನ್ ತೊಟ್ಟು ಕರಿ ಸೈಕಲ್ಲಿನ ಮೇಲೆ ಕೂತ ಕನ್ನಡ ವಿದ್ಯಾರ್ಥಿ ಎಷ್ಟು ದೂರಕ್ಕೆ ಕಂಡಾನು?

“ಪೆಡಲಿಗೆ, ಚಕ್ರಕ್ಕೆ ರಿಫ್ಲೆಕ್ಟರ್ ಇರತಾವಲ್ಲೋ” ಎನ್ನುತ್ತಾನೆ ನನ್ನ ಕೋಣೆಯ ಗೆಳೆಯ. ಇವೆ, ಇರಲೇಬೇಕು. 2020ರಲ್ಲಿ ಕೇಂದ್ರ ಸರ್ಕಾರ ಅವುಗಳ ಗುಣಮಟ್ಟದ ಬಗ್ಗೆ ಆದೇಶವನ್ನೂ ಹೊರಡಿಸಿತು. ಆದರೆ ರಿಫ್ಲೆಕ್ಟರಿಗೆ ಸ್ವಂತ ಬೆಳಕಿಲ್ಲ. ಬೆಳಕು ಬಂದ ದಿಕ್ಕಿಗೇ ಅದನ್ನು ವಾಪಸು ಕಳಿಸುವುದಷ್ಟೇ ಅದರ ಕೆಲಸ. ಹೆಡ್‌ಲೈಟು ಹೊತ್ತಿಸಿಕೊಂಡು ನೇರವಾಗಿ ಹಿಂದಿನಿಂದ ಬರುವವನಿಗೆ ಅದು ಕಾಣುತ್ತದೆ. ಅಡ್ಡರಸ್ತೆಯ ಬಾಯಲ್ಲಿ ಬೇರೆ ಕಡೆಗೆ ಮುಖ ಮಾಡಿ ನಿಂತ ಗಾಡಿಗೆ ಕಾಣುವುದಿಲ್ಲ. ಹಾಲಿನ ಚೀಲ ಹಿಡಿದ ಮುದುಕರ ಹಣೆಗೆ ಹೆಡ್‌ಲೈಟು ಇರುವುದಿಲ್ಲ. ಅವತ್ತು ನನ್ನ ಸೈಕಲ್ಲಿನ ಆರೂ ರಿಫ್ಲೆಕ್ಟರುಗಳು ಸುಸ್ಥಿತಿಯಲ್ಲಿದ್ದವು.

ಹಿಂದಿನವರಿಗೆ ಈ ವಿಷಯ ನಮಗಿಂತ ಚೆನ್ನಾಗಿ ಗೊತ್ತಿತ್ತು. ನಮ್ಮ ಅಜ್ಜ ಹ್ಯಾಂಡಲ್ಲಿಗೆ ಚಿಮಣಿ ಎಣ್ಣೆಯ ದೀಪ ತೂಗಹಾಕಿ ಓಡಾಡಿದವರು. ಕಾಕಾನ ಕಾಲಕ್ಕೆ ಡೈನಮೋ ಬಂತು. ಟಯರಿನ ಪಕ್ಕೆಗೆ ಒತ್ತಿ ಗುರ್ ಎಂದು ತಿರುಗುವ ಆ ಪುಟ್ಟ ಬಾಟಲಿ ಕೊಡುವುದು 6 ವೋಲ್ಟು, 3 ವ್ಯಾಟು. 2.4 ವ್ಯಾಟು ಮುಂದಿನ ಬಲ್ಬಿಗೆ, 0.6 ಹಿಂದಿನದಕ್ಕೆ. ಸೈಕಲ್ಲು ನಿಂತರೆ ದೀಪವೂ ನಿಲ್ಲುತ್ತಿತ್ತು. ಇಳಿಜಾರಿನಲ್ಲಿ ಜೋರಾಗಿ ಬಿಟ್ಟರೆ ಬಲ್ಬು ಸುಡುತ್ತಿತ್ತು. ಒಂದು ಸುಟ್ಟಿತೆಂದರೆ ಅದರ ಪಾಲಿನ ಕರೆಂಟೂ ಇನ್ನೊಂದಕ್ಕೆ ಹೋಗಿ ಅದೂ ಸುಡುತ್ತಿತ್ತು. ಮಳೆಯಲ್ಲಿ ಟಯರು ಒದ್ದೆಯಾದರೆ ಡೈನಮೋ ಜಾರುತ್ತಿತ್ತು. ಏರಿನಲ್ಲಂತೂ ಯಾರೋ ಹಿಂದಿನಿಂದ ಹಿಡಿದು ಎಳೆದಂತೆ. ಇಷ್ಟಾದರೂ ಹಾಕುತ್ತಿದ್ದರು; ದೀಪವಿಲ್ಲದವನನ್ನು ಪೊಲೀಸರು ನಿಲ್ಲಿಸಿ ಚಕ್ರದ ಗಾಳಿ ಬಿಡುತ್ತಿದ್ದರಂತೆ. ಅಪಘಾತದ ಸುದ್ದಿ ಕೇಳಿ ಕಾಕಾ ಫೋನಿನಲ್ಲಿ ಹೇಳಿದ್ದು: “ನಾವು ಪೊಲೀಸರ ಅಂಜಿಕಿಗೆ ದೀಪ ಹಾಕತಿದ್ವಿ ತಮ್ಮಾ. ನಿಮಗ ಅಂಜಿಕೀನೂ ಇಲ್ಲ, ದೀಪಾನೂ ಇಲ್ಲ.”

ಆ ಮಾತು ಚುಚ್ಚಿತು. ಮರುದಿನವೇ ಬುಧವಾರ ಪೇಠೆಯ ತಪ್ಕೀರ್ ಗಲ್ಲಿಗೆ ಹೋಗಿ ದೀಪ ಕೊಂಡೆ. ಅಲ್ಲಿ ಎರಡನೆಯ ತಪ್ಪು ಮಾಡಿದೆ. ಡಬ್ಬಿಯ ಮೇಲೆ ಎಲ್ಲಕ್ಕಿಂತ ದೊಡ್ಡ ಅಂಕಿ ಬರೆದಿದ್ದ ದೀಪವನ್ನು ಆರಿಸಿದೆ, ಇಷ್ಟು ಸಾವಿರ ಲ್ಯೂಮೆನ್ ಎಂದು. ಹ್ಯಾಂಡಲ್ಲಿಗೆ ನೆಟ್ಟಗೆ ಬಿಗಿದು, ಮಿಣುಕುವ ಮೋಡಿಗೆ ಹಾಕಿ, ದಿಗ್ವಿಜಯಕ್ಕೆ ಹೊರಟೆ. ಮೂರನೆಯ ದಿನ ಎದುರಿಗೆ ಬಂದ ಸ್ಕೂಟರಿನವನು ನಿಲ್ಲಿಸಿ, “ಡೋಳೆ ಫೋಡತೋಸ್ ಕಾ?” ಎಂದ. ಕಣ್ಣು ಒಡೆಯುತ್ತೀಯೇನು ಎಂದರ್ಥ. ಆಜೋಬಾರ ಕೈ ಮುರಿದವನು ಈಗ ಇನ್ನೊಬ್ಬನ ಕಣ್ಣಿಗೆ ಕೈ ಹಾಕಿದ್ದೆ. ಕಾಣದೆ ಇದ್ದದ್ದು ಒಂದು ತಪ್ಪಾದರೆ, ಬೇರೆ ಏನೂ ಕಾಣದಂತೆ ಮಾಡಿದ್ದು ಇನ್ನೊಂದು.

ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯುವ ಗೆಳತಿಯೊಬ್ಬಳು ಆ ದೇಶದ ಕಾಯಿದೆಯ ವಿಷಯ ಹೇಳಿದಳು. ಅಲ್ಲಿ ಸೈಕಲ್ಲಿನ ಮುಂದಿನ ದೀಪ 10 ಮೀಟರ್ ದೂರದಲ್ಲಿ ಕನಿಷ್ಠ 10 ಲಕ್ಸ್ ಬೆಳಕು ಚೆಲ್ಲಬೇಕು; ಆದರೆ ಎದುರಿನವರ ಕಣ್ಣಿಗೆ ಹೊಡೆಯಬಾರದು. ಮಿಣುಕುವ ದೀಪಕ್ಕೆ ಅನುಮತಿಯೇ ಇಲ್ಲ. ಡೈನಮೋ ಬದಲು ಬ್ಯಾಟರಿ ದೀಪ ನಡೆಯುತ್ತದೆ ಎಂದು ಅವರು ಒಪ್ಪಿದ್ದು 2013ರಲ್ಲಿ. ನನಗೆ ಹಿಡಿಸಿದ್ದು ಅವರ ಅಳತೆ. ಲ್ಯೂಮೆನ್ ಎಂದರೆ ದೀಪ ಸುತ್ತಲೂ ಚೆಲ್ಲುವ ಒಟ್ಟು ಬೆಳಕು. ಲಕ್ಸ್ ಎಂದರೆ ಬೇಕಾದ ಜಾಗದ ಮೇಲೆ ಬಿದ್ದ ಬೆಳಕು. ಡಬ್ಬಿಯ ಮೇಲಿನ ದೊಡ್ಡ ಅಂಕಿ ಮೊದಲನೆಯದು. ನಮಗೆ ಬೇಕಾದದ್ದು ಎರಡನೆಯದು.

ಎಲ್‌ಇಡಿ ಬಂದ ಮೇಲೆ ಬೆಳಕಿಗೆ ಬರವಿಲ್ಲ. ನೀಲಿ ಎಲ್‌ಇಡಿ ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂತು. ಆ ನೀಲಿಯ ಮೇಲೆ ಹಳದಿ ಲೇಪ ಹಚ್ಚಿದ್ದರಿಂದಲೇ ನಮಗೆ ಈ ಬಿಳಿ ಬೆಳಕು ಸಿಕ್ಕಿತು. ಕಾಕಾನ ಕಾಲದಲ್ಲಿ ಬೆಳಕು ಸಾಲುತ್ತಿರಲಿಲ್ಲ. ನಮ್ಮ ಕಾಲದಲ್ಲಿ ಅದನ್ನು ಎಲ್ಲಿ ಚೆಲ್ಲಬೇಕು ಎಂಬ ವಿವೇಕ ಸಾಲದಾಗಿದೆ.

ಎರಡು ತಪ್ಪು ಮಾಡಿ ಕಲಿತವನಾದ್ದರಿಂದ ನಾಲ್ಕು ಮಾತು ಹೇಳುವ ಹಕ್ಕು ನನಗಿದೆ ಎಂದುಕೊಳ್ಳುತ್ತೇನೆ.

ಮೊದಲು ಹಿಂದಿನ ಕೆಂಪು ದೀಪ ಕೊಳ್ಳಿ, ಆಮೇಲೆ ಮುಂದಿನದು. ಅಂಗಡಿಯಲ್ಲಿ ಎಲ್ಲರೂ ಮುಂದಿನದನ್ನೇ ಕೇಳುತ್ತಾರೆ, ಏಕೆಂದರೆ ಅದು ನಮ್ಮ ಕಣ್ಣಿಗೆ ಕಾಣುತ್ತದೆ. ಆದರೆ ಮುಂದಿನದನ್ನು ನೀವಾದರೂ ನೋಡಿ ಪಕ್ಕಕ್ಕೆ ಸರಿಯಬಹುದು, ಬೆನ್ನಿಗೆ ಕಣ್ಣಿಲ್ಲ. ಕೆಂಪು ದೀಪವನ್ನು ಸೀಟಿನ ಕೆಳಗೆ ಹಾಕಿದರೆ ಜೋಲುವ ಚೀಲ, ಜರ್ಕಿನ್ನು ಅದನ್ನು ಮುಚ್ಚದಂತೆ ನೋಡಿಕೊಳ್ಳಿ. ನನ್ನದು ಒಂದು ವಾರ ಚೀಲದ ಹಿಂದೆ ಯಾರಿಗೂ ಕಾಣದೆ ಉರಿಯಿತು.

ಎರಡನೆಯದಾಗಿ, ಮುಂದಿನ ದೀಪಕ್ಕೆ ತಲೆ ಬಗ್ಗಿಸಲು ಕಲಿಸಿ. ಗೋಡೆಯಿಂದ 5 ಮೀಟರ್ ದೂರದಲ್ಲಿ ಸೈಕಲ್ಲು ನಿಲ್ಲಿಸಿ ದೀಪ ಹಚ್ಚಿ. ನಡುವಿನ ಹೊಳಪು ದೀಪ ಇರುವ ಎತ್ತರದ ಅರ್ಧಕ್ಕೆ ಬಿದ್ದರೆ, ರಸ್ತೆಯಲ್ಲಿ ಅದು 10 ಮೀಟರ್ ಮುಂದೆ ನೆಲ ಮುಟ್ಟುತ್ತದೆ. ನಮ್ಮ ವೇಗಕ್ಕೆ ಅಷ್ಟು ಸಾಕು. ಗುಂಡಿಯೂ ಕಾಣುತ್ತದೆ, ಎದುರಿನವನ ಕಣ್ಣೂ ಉಳಿಯುತ್ತದೆ.

ಮೂರನೆಯದಾಗಿ, ರಾತ್ರಿ ಮಿಣುಕಿಸಬೇಡಿ, ಒಂದೇ ಸಮ ಉರಿಯಲಿ. ಮಿಣುಕು ಗಮನ ಸೆಳೆಯುತ್ತದೆ, ನಿಜ. ಆದರೆ ಆ ದೀಪ ಎಷ್ಟು ದೂರದಲ್ಲಿದೆ, ಎಷ್ಟು ಬೇಗ ಬರುತ್ತಿದೆ ಎಂದು ನೋಡುವವನಿಗೆ ಅಂದಾಜು ಸಿಗುವುದು ಕಷ್ಟ. ರಸ್ತೆಗೆ ಇಳಿಯಲೋ ಬೇಡವೋ ಎಂದು ನಿಂತ ಮುದುಕರಿಗೆ ಬೇಕಾದದ್ದು ಆ ಅಂದಾಜೇ.

ಕೊನೆಯದು, ದೀಪದ ಜೊತೆ ಬಾಳುವ ಮಾತು. ನನ್ನ ದಾರಿ ಇಪ್ಪತ್ತೈದು ನಿಮಿಷದ್ದು. ವಾರಕ್ಕೆ ಆರು ಸಂಜೆ ಎಂದರೆ ಎರಡೂವರೆ ಗಂಟೆ. ಸಾದಾ ಬೆಳಕಿನಲ್ಲಿ ಐದು ಗಂಟೆ ಉರಿಯುವ ದೀಪಕ್ಕೆ ಭಾನುವಾರಕ್ಕೊಮ್ಮೆ ಚಾರ್ಜು ಸಾಕು. ಕೋಣೆಯಲ್ಲಿ ನಾಲ್ವರಿಗೆ ಎರಡೇ ಪ್ಲಗ್ಗು, ಅದಕ್ಕೆ ಆರು ಫೋನು. ಆದ್ದರಿಂದ ಭಾನುವಾರ ಬೆಳಿಗ್ಗೆ ಎಲ್ಲರೂ ಮಲಗಿರುವಾಗ ನನ್ನ ದೀಪಗಳಿಗೆ ಊಟ. ಮಳೆಗಾಲ ಬರುವ ಮೊದಲು ಚಾರ್ಜಿನ ತೂತಿಗೆ ರಬ್ಬರಿನ ಮುಚ್ಚಳ ಸರಿಯಾಗಿ ಕೂರುತ್ತದೆಯೇ ನೋಡಿ. ಸೈಕಲ್ಲು ನಿಲ್ಲಿಸಿದ ಕಡೆ ದೀಪ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ಕಳ್ಳರಿಗೂ ಎಲ್‌ಇಡಿಯ ಬೆಲೆ ಗೊತ್ತು. ಇದೆಲ್ಲ ತಾಪತ್ರಯ ಎನ್ನುವವರು ಒಳ್ಳೆಯ ಡೈನಮೋ ಸಿಕ್ಕರೆ ಅದನ್ನೇ ಹಾಕಿಸಿ, ಬಲ್ಬಿನ ಬದಲು ಎಲ್‌ಇಡಿ ಇಟ್ಟುಕೊಳ್ಳಲಿ. ಕಾಲು ತುಳಿಯುವ ತನಕ ಅದಕ್ಕೆ ಚಾರ್ಜು ಮುಗಿಯುವ ಭಯವಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ರಾತ್ರಿ ಸೈಕಲ್ಲು ತುಳಿಯುವವರೆಲ್ಲ ನಮ್ಮಂಥ ವಿದ್ಯಾರ್ಥಿಗಳಲ್ಲ. ವಾಚ್‌ಮನ್ನರು, ಪೇಪರ್ ಹಾಕುವವರು, ಕೂಲಿ ಮುಗಿಸಿ ಮನೆಗೆ ಹೋಗುವವರು, ಇವರಿಗೆ ದೀಪಕ್ಕೆ ದುಡ್ಡೆಲ್ಲಿ? ನ್ಯಾಯವಾದ ಮಾತು. ಅದಕ್ಕೇ ನನ್ನ ಅಭಿಪ್ರಾಯದ ಎರಡನೆಯ ಭಾಗ: ಸೈಕಲ್ಲು ಕೊಂಡಾಗ ಬೆಲ್ಲು ಅದರ ಜೊತೆಗೇ ಬರುವ ಹಾಗೆ ಎರಡು ದೀಪಗಳೂ ಬರಬೇಕು. ಬೆಲ್ಲಿನ ಕಾಸು ಬೇರೆ ಎಂದು ಯಾವ ಅಂಗಡಿಯವನೂ ಹೇಳುವುದಿಲ್ಲ. ದೀಪವೇಕೆ ಶೋಕಿಯ ಸಾಮಾನಾಗಬೇಕು? ಆದರೆ ಆ ಕಾಲ ಬರುವ ತನಕ ನಮಗೂ ಬೇಡ ಎಂದು ಕೂರುವುದು ಬರೀ ನೆಪ. ಮಲ್ಟಿಪ್ಲೆಕ್ಸಿನಲ್ಲಿ ಎರಡು ಸಿನೆಮಾ ನೋಡುವ ದುಡ್ಡಿಗೆ ಎರಡು ಸಾದಾ ದೀಪ ಬರುತ್ತವೆ. ನಾನು ಆ ದಿಗ್ವಿಜಯದ ದೀಪವನ್ನು ನಮ್ಮ ಬಿಲ್ಡಿಂಗಿನ ವಾಚ್‌ಮನ್‌ಗೆ ಕೊಟ್ಟೆ. ಅವರು ಅದನ್ನು ಪಂಪಿನ ಕೋಣೆಯಲ್ಲಿ ಟಾರ್ಚಾಗಿ ಬಳಸುತ್ತಾರೆ. ಅದಕ್ಕೆ ಅದೇ ಸರಿಯಾದ ಜಾಗ. ಅವರ ಸೈಕಲ್ಲಿನ ಹಿಂದೆ ಒಂದು ಪುಟ್ಟ ಕೆಂಪು ದೀಪ ಬೇರೆ ಹಾಕಿದ್ದೇನೆ.

ಆಜೋಬಾ ಆರು ವಾರ ಎಡಗೈಯಲ್ಲಿ ಚಹಾ ಕುಡಿದರು. ನೋಡಲು ಹೋದಾಗ ದುಡ್ಡಿನ ಮಾತೆತ್ತಿದರೆ ಗದರಿಸಿದರು, ಅವರ ಮಗಳು ಮಾತ್ರ ನನ್ನ ಕಡೆ ನೋಡಲಿಲ್ಲ. ಪ್ಲಾಸ್ಟರ್ ತೆಗೆದ ಮೇಲೂ ಹಾಲಿನ ಚೀಲವನ್ನು ಆ ಕೈಯಲ್ಲಿ ಹಿಡಿಯುವುದಿಲ್ಲ. ರಾತ್ರಿ ರಸ್ತೆ ದಾಟುವುದನ್ನೂ ಬಿಟ್ಟಿದ್ದಾರೆ. ಹಾಲು ಈಗ ಬೆಳಿಗ್ಗೆ ತರುತ್ತಾರೆ. ಒಬ್ಬ ಮನುಷ್ಯನ ಸಂಜೆಯನ್ನು ನಾನು ಕಸಿದುಕೊಂಡೆ ಎಂದು ನನಗೆ ಅನಿಸುತ್ತದೆ. ಈಗ ನನ್ನ ಸೈಕಲ್ಲಿಗೆ ಎರಡು ದೀಪ ಇವೆ, ಆದರೆ ಆ ಕೈ ಮೊದಲಿನಂತಾಗಿಲ್ಲ.

ಹಗಲು ಕಂಡ ಬಾವಿಗೆ ಇರುಳು ಬೀಳಬಾರದೆಂದು ನಮ್ಮ ಹಿರಿಯರು ಹೇಳಿದ್ದು ಬೀಳುವವನಿಗೆ. ನಡೆದಾಡುವವರ ಮಧ್ಯೆ ದೀಪವಿಲ್ಲದೆ ಬರುವ ಸೈಕಲ್ಲು ಮಾತ್ರ ಹಗಲಿನಲ್ಲೂ ಕಂಡಿರದ ಬಾವಿ, ಅದೂ ಓಡಾಡುವ ಬಾವಿ.

ಶನಿವಾರ ತಾಲೀಮಿಗೆ ಸೈಕಲ್ಲಿನ ಮೇಲೆ ಬರುವವರು ನಮ್ಮಲ್ಲಿ ಒಂಬತ್ತು ಜನ ಇದ್ದೀರಿ, ಎಣಿಸಿದ್ದೇನೆ. ಹಿಂದೆ ಕೆಂಪು ದೀಪ ಇರುವುದು ಮೂವರಿಗೆ. ಬರುವ ಶನಿವಾರ ಸ್ಕ್ರೂಡ್ರೈವರು ತರುತ್ತೇನೆ. ತಾಲೀಮು ಮುಗಿದ ಮೇಲೆ ಐದು ನಿಮಿಷ ನಿಲ್ಲಿ; ಇರುವ ದೀಪಗಳನ್ನು ಹಾಲಿನ ಗೋಡೆಯ ಮುಂದೆ ಇಟ್ಟು ಬಗ್ಗಿಸಿಕೊಡುತ್ತೇನೆ. ಇಲ್ಲದವರು ಭಾನುವಾರ ನನ್ನ ಜೊತೆ ಪೇಟೆಗೆ ಬನ್ನಿ. ಚಹಾ ನಿಮ್ಮದು.