ಕೈ ನೋಯಲೇಬೇಕೆ?

ಹಾರ್ಮೋನಿಯಂ ಕಲಿಯಲು ಕೂತ ಹೆಂಗಸು ಮಣಿಕಟ್ಟು ನೋಯುತ್ತದೆ ಎಂದರೆ ನಮ್ಮ ಸೇಡಂ, ಚಿತ್ತಾಪುರದ ಕಡೆ ಸಿಗುವ ಉತ್ತರ ಒಂದೇ: "ಕೈ ನೋಯಲಾರ್ದ ಪೇಟಿ ಬರ್ತದೇನವ್ವಾ?" ಹೇಳುವವರೇನೂ ಕೆಟ್ಟವರಲ್ಲ. ಗದಗಿನ ಪುಣ್ಯಾಶ್ರಮದ ಗವಾಯಿಗಳ ಸಾಧನೆಯನ್ನು ನೆನೆದು ಭಕ್ತಿಯಿಂದಲೇ ಹೇಳುತ್ತಾರೆ. ಆದರೂ ಆ ಮಾತನ್ನು ನಾನು ಒಪ್ಪಲಾರೆ. ನೋವನ್ನು ಸಾಧನೆಯ ಗುರುತೆಂದು ತಿಳಿಯುವುದು ಶುದ್ಧ ತಪ್ಪು. ಕೂತ ರೀತಿಯೋ, ವಾದ್ಯದ ಅಳತೆಯೋ, ಕೈಗೆ ಸಿಗದ ವಿಶ್ರಾಂತಿಯೋ, ಯಾವುದೋ ಒಂದು ಸರಿಯಿಲ್ಲ ಎಂದು ಕೈ ಕೂಗಿ ಹೇಳುವ ಪರಿ ಅದು.

ಹಟದ ಅಭ್ಯಾಸ ಎಲ್ಲಿಗೆ ಮುಟ್ಟಿಸೀತು ಎಂಬುದಕ್ಕೆ ಜರ್ಮನಿಯ ರಾಬರ್ಟ್ ಶೂಮನ್‌ನನ್ನು ನೋಡಿ. ಬೆರಳಿಗೆ ಬಲ ಬರಲೆಂದು ಅವನು ಯಂತ್ರವನ್ನೂ ಬಳಸಿದ. 1830ರ ದಶಕದ ಮೊದಲಲ್ಲೇ ಬಲಗೈ ಕೆಟ್ಟು, ಪಿಯಾನೊ ವಾದಕನಾಗುವ ಆಸೆಯನ್ನೇ ಬಿಡಬೇಕಾಯಿತು.

"ಹೆಂಗಸರ ಕೈ ಸಣ್ಣದು, ಎಟಕೋದಿಲ್ಲ" ಎನ್ನುವವರೂ ಇದ್ದಾರೆ. ಪಿಯಾನೊದಲ್ಲಿ ಒಂದು ಸಪ್ತಕದ ಅಗಲ ಸುಮಾರು 16.5 ಸೆಂಟಿಮೀಟರ್. ಪೋಲೆಂಡಿನ ಹೆಸರಾಂತ ವಾದಕ ಜೋಸೆಫ್ ಹಾಫ್‌ಮನ್ (1876–1957) ಕೈಯೂ ಸಣ್ಣದೇ. ಸ್ಟೀನ್‌ವೇ ಕಂಪನಿ ಅವನಿಗಾಗಿ ಪಟ್ಟಿಗಳನ್ನು ತುಸು ಕಿರಿದು ಮಾಡಿ ಪಿಯಾನೊ ಕಟ್ಟಿಕೊಟ್ಟಿತು. ಗಂಡಸಿನ ಕೈ ಸಣ್ಣದಾದರೆ ವಾದ್ಯ ತಿದ್ದುವುದು, ಹೆಣ್ಣಿನ ಕೈ ಸಣ್ಣದಾದರೆ ಕೈಯನ್ನೇ ಹಿಗ್ಗಿಸುವುದು! ಇದು ಯಾವ ಊರ ನ್ಯಾಯ?

ಅದಕ್ಕಿಂತ ದೊಡ್ಡ ಮಾತೊಂದಿದೆ. ನಮ್ಮ ಕೈ ಪೇಟಿಯ ಮುಂದೆ ಬರುವ ಹೊತ್ತಿಗೆ ಮನೆಮಂದಿಗೆಲ್ಲ ಜೋಳದ ರೊಟ್ಟಿ ಬಡಿದಿರುತ್ತದೆ, ಬಟ್ಟೆ ಹಿಂಡಿರುತ್ತದೆ, ಕೂಸನ್ನು ಎತ್ತಿರುತ್ತದೆ. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಸುರಂಗ. ಬೆರಳುಗಳಿಗೆ ಹೋಗುವ 9 ಸ್ನಾಯುರಜ್ಜುಗಳೂ ಒಂದು ನರವೂ ಅದರೊಳಗೇ ಹಾಯಬೇಕು. ಮಣಿಕಟ್ಟು ಬಾಗಿದಷ್ಟೂ ಅಲ್ಲಿ ಒತ್ತಡ ಹೆಚ್ಚು. ಈ ನರ ಒತ್ತಿಕೊಳ್ಳುವ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲೇ ಜಾಸ್ತಿ. ಹಾಗಿರುವಾಗ ದಣಿದ ಕೈಗೆ ಇನ್ನೊಂದು ತಾಸು ಅಲಂಕಾರ ಬಾರಿಸು ಎನ್ನುವ ಗುರುಗಳು, ಆ ಕೈ ಬೆಳಗಿನಿಂದ ಏನು ಮಾಡಿತೆಂದು ಒಮ್ಮೆಯಾದರೂ ಕೇಳಬೇಡವೇ?

ಉಪಾಯ ಕಷ್ಟದ್ದಲ್ಲ. ಶಹಾಬಾದ್ ಪರಸಿಯ ಮೇಲೆ ಬರಿದೆ ಕೂತರೆ ಪಟ್ಟಿ ಮೊಳಕೈಗಿಂತ ಮೇಲಾಗಿ ಮಣಿಕಟ್ಟು ಮುರಿದಂತಾಗುತ್ತದೆ. ಕೌದಿಯೊಂದನ್ನು ಮಡಿಸಿ ಹಾಕಿ, ಮೊಳಕೈ ಪಟ್ಟಿಯ ಮಟ್ಟಕ್ಕೆ ಬರುವಂತೆ ಕೂಡಿ. ಮೊಳಕೈಯಿಂದ ಬೆರಳ ಗಂಟಿನವರೆಗೆ ಕೈ ನೆಟ್ಟಗಿರಲಿ, ಹೆಗಲು ಸಡಿಲವಿರಲಿ. ಪಟ್ಟಿಯನ್ನು ಗಟ್ಟಿಯಾಗಿ ಒತ್ತಿದರೆ ಪೇಟಿಯ ದನಿ ಏರುವುದಿಲ್ಲ, ಏರಿಸುವುದು ಗಾಳಿ. ಮಕ್ಕಳು ಕಲಿಯುವ ಪಿಯಾನೊದಲ್ಲೂ ಪಟ್ಟಿ ತಳ ಮುಟ್ಟಿದ ಮೇಲೆ ಒತ್ತಿದ್ದೆಲ್ಲ ವ್ಯರ್ಥ ಶ್ರಮ. ಒಂದೇ ಸಮನೆ ತಾಸುಗಟ್ಟಲೆ ಕೂಡುವ ಬದಲು 15–20 ನಿಮಿಷ ನುಡಿಸಿ, ಕೈಗೆ ಬಿಡುವು ಕೊಟ್ಟು, ಮತ್ತೆ ಕೂಡಿ. ನೋವೆದ್ದರೆ ಅಲ್ಲಿಗೇ ನಿಲ್ಲಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿಯತೊಡಗಿದರೆ ಎಣ್ಣೆ ತಿಕ್ಕುತ್ತ ದಿನ ಕಳೆಯಬೇಡಿ, ಡಾಕ್ಟರರ ಬಳಿ ಹೋಗಿ.

ಕೌದಿ ಮಡಿಸಿ ಹಾಕಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ವಿಶ್ರಾಂತಿ ಮಾತ್ರ ಕೇಳಿ ಪಡೆಯಬೇಕಾದದ್ದು. ಸೊಸೆ ಹಾಡಿದರೆ ಮನೆಗೆ ಶೋಭೆ ಎನ್ನುವ ಅತ್ತೆ, ಭಜನೆಯಲ್ಲಿ ಹೆಂಡತಿ ಪೇಟಿ ಹಿಡಿದರೆ ಹೆಮ್ಮೆಪಡುವ ಗಂಡ, ಆಕೆ ಅಭ್ಯಾಸಕ್ಕೆ ಕೂಡುವ ದಿನ ಬಟ್ಟೆಯನ್ನಾದರೂ ತಾವು ಹಿಂಡಲಿ. ಅಷ್ಟು ಕೇಳಲು ನಮಗೇಕೆ ಸಂಕೋಚ?